ಮೂರನೇ ವರ್ಷಕ್ಕೆ ಕೈ ಹಿಡೀತು ನಮ್ಮ ಶಾಲೆ ಸಂತೆ ವಾರ

ಸುತ್ತಮುತ್ತಲ ಶಾಲೆ ಟೀಚರ್ಸ್ ಸೇರೋ ಕ್ಲಸ್ಟರ್ ಮೀಟಿಂಗಲ್ಲಿ ನಾನು "ಒಂದು ವಾರ ಪೂರ್ತಿ ಸಂತೆ ಇಟ್ಕೊಂಡೇ ಪಾಠ ಮಾಡ್ತೀನಿ" ಅಂದಾಗ ಪಕ್ಕದ ಶಾಲೆಯ ಮೇಷ್ಟ್ರೊಬ್ರು "ಮೇಡಂ, ಎರಡು ಸಲ ಮಾಡಿ ಕೈ ಸುಟ್ಕೊಂಡಿದೀರ, ಪೋರ್ಷನ್ ಮುಗಿಸೋದು ಯಾವಾಗ" ಅಂದಿದ್ರು. ಹೋದ ಡಿಸೆಂಬರ್ ಎರಡನೇ ವಾರ ಮಾಡಿದ್ವಿ, ಆಯ್ತು, ಚೆನ್ನಾಗೇ ಆಯ್ತು, ಈಗ ಅದೇ ಮೇಷ್ಟ್ರು ಫೋನ್ ಮಾಡಿ ಹೆಂಗೆ ಮಾಡಿದ್ರಿ ಅಂತ ಕೇಳ್ತಿದ್ದಾರೆ, ಅದಕ್ಕೇ ಒಂದ್ಸಲ ಬರೆದಿಟ್ಬಿಡೋಣ ಅಂತ ಕೂತೆ.

ನಮ್ದು ತಿಪಟೂರು ಕಡೆ ಒಂದು ಸಣ್ಣ ಹಳ್ಳಿ, ಒಂದರಿಂದ ಏಳು, ಒಟ್ಟು 46 ಮಕ್ಕಳು, ಹೆಚ್‌ಎಂ (ಮುಖ್ಯ ಶಿಕ್ಷಕರು) ಸೇರಿ ಮೂರು ಜನ ಟೀಚರ್ಸ್. ಮಕ್ಕಳೇ ತರಕಾರಿ, ತಿಂಡಿ ಮಾರಿ ಅಳತೆ, ದುಡ್ಡಿನ ಲೆಕ್ಕ ಕಲಿಯೋ ಮಕ್ಕಳ ಸಂತೆ, ಮೆಟ್ರಿಕ್ ಮೇಳ ಎಲ್ಲಾ ಶಾಲೇಲೂ ಮಾಡ್ತಾರೆ, ಅದು ಹೊಸದೇನಲ್ಲ. ನಾನು ಹೇಳಬೇಕಿರೋದು ದುಡ್ಡು ಎಲ್ಲಿ ಹೋಯ್ತು, ಎಲ್ಲಿ ಎಡವಿದ್ವಿ, ಆಮೇಲೆ ಏನು ಬದಲಾಯಿಸಿದ್ವಿ ಅನ್ನೋದು.

ಮೊದಲ ವರ್ಷ ನವೆಂಬರ್ 14ಕ್ಕೆ ಮಕ್ಕಳ ದಿನಾಚರಣೆ ಜೊತೆ ಮಾಡಿದ್ವಿ. ಶಾಮಿಯಾನಕ್ಕೆ ಎರಡು ಸಾವಿರ, ಮೈಕ್ ಸೆಟ್ 1,200, ಬಂದೋರಿಗೆ ತಿಂಡಿ ಸುಮಾರು 1,500, ಶಾಲು ಹಾರ ಆರ್ನೂರು. ಎಸ್‌ಡಿಎಂಸಿ (ಪೋಷಕರು ಇರೋ ಶಾಲಾ ಮೇಲುಸ್ತುವಾರಿ ಸಮಿತಿ) ಕಡೆಯಿಂದ ಒಂದು ಸಾವಿರ ಬಂತು, ಹೆಚ್‌ಎಂ ಒಂದು ಸಾವಿರ ಹಾಕಿದ್ರು, ಮಿಕ್ಕಿದ್ದೆಲ್ಲ ನನ್ನ ಕೈಯಿಂದ. ಭಾಷಣ ಮುಗಿಯೋ ಹೊತ್ತಿಗೆ ಹನ್ನೆರಡೂವರೆ, ಸೊಪ್ಪೆಲ್ಲ ಬಾಡಿ ಹೋಗಿತ್ತು, ಪೋಷಕರು ಹನ್ನೆರಡು ಜನ ಬಂದಿದ್ರೇನೋ, ಮಿಕ್ಕೋರೆಲ್ಲ ಕೂಲಿಗೆ ಹೋಗಿದ್ರು. ಇರೋ ತರಕಾರೀನ ನಾವು ಟೀಚರ್ಸೇ ಕೊಂಡ್ಕೊಂಡ್ವಿ, ಚಿಲ್ಲರೆ ಲೆಕ್ಕಾನೂ ನಾವೇ ಹೇಳಿಕೊಟ್ವಿ, ಮಕ್ಕಳು ಸುಮ್ನೆ ಹಿಂದೆ ನಿಂತಿದ್ರು. ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ದುಡ್ಡು ಹೋಗಿದ್ದಕ್ಕಲ್ಲ, ಮಕ್ಕಳಿಗೆ ಏನೂ ಸಿಗಲಿಲ್ವಲ್ಲ ಅಂತ.

ಎರಡನೇ ವರ್ಷ ಜುಲೈನಲ್ಲಿ ಇಟ್ವಿ, ಅದು ಇನ್ನೂ ದೊಡ್ಡ ತಪ್ಪು. ರಾಗಿ ಬಿತ್ತನೆ ಟೈಮು, ಯಾರೂ ಮನೇಲಿಲ್ಲ, ಮೇಲಿಂದ ಮಳೆ. ಶಾಮಿಯಾನ ಬೇಡ ಅಂತ ಉಳಿಸಿದ್ದು ಎರಡು ಸಾವಿರ, ನೆನೆದು ಹಾಳಾಗಿದ್ದು ಒಂದೂವರೆ ಸಾವಿರದ ಸಾಮಾನು. ನಮ್ಮನೆಯವರು "ಇನ್ನು ಸಾಕು ಬಿಡು" ಅಂದ್ರು.

ಬಿಡ್ಲಿಲ್ಲ ನಾನು. ಮೂರನೇ ವರ್ಷ ಎಲ್ಲಾ ತಿರುಗಿಸಿ ಹಾಕಿದೆ. ಸ್ಟೇಜ್ ಇಲ್ಲ, ಅತಿಥಿ ಇಲ್ಲ, ಆಹ್ವಾನ ಪತ್ರಿಕೆ ಇಲ್ಲ. ಶುಕ್ರವಾರ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಸಂತೆ, ಕೂಲಿ ಮುಗಿಸಿ ಬರೋರಿಗೂ ಸಿಗಲಿ ಅಂತ. ಆಮೇಲೆ ಮುಖ್ಯವಾದದ್ದು, ಪ್ರತಿ ಮನೆಗೂ ಒಂದು ಕೆಲಸ. ಮಕ್ಕಳೇ ಮನೆಗೆ ಹೋಗಿ ಕೇಳಿದ್ರು, ಒಬ್ಬರ ಮನೆಯಿಂದ ತಕ್ಕಡಿ, ಒಬ್ಬರ ಮನೆಯಿಂದ ಟಾರ್ಪಾಲ್, ಇನ್ನೊಬ್ಬರು ಬಲ್ಬು ವೈರು ಎಳೀಬೇಕು, ಇನ್ನೊಬ್ಬರು ಬಂದು ಒಂದು ಪೀರಿಯಡ್ ಪಾಠ ಹೇಳಬೇಕು. ಬನ್ನಿ ನೋಡಿ ಅಂದ್ರೆ ಯಾರೂ ಬರಲ್ಲ, ನಿಮ್ಮ ತಕ್ಕಡಿ ಬೇಕು ಅಂದ್ರೆ ತಕ್ಕಡಿ ಜೊತೆ ಅವರೂ ಬರ್ತಾರೆ. 38 ಮನೇಲಿ 34 ಮನೆಯವರು ಬಂದಿದ್ರು, ಇದು ನಾನು ಎಲ್ಲರ ಹತ್ರಾನೂ ಹೇಳ್ಕೊಂಡು ಓಡಾಡೋ ನಂಬರು.

ಸೋಮವಾರ ಬ್ಯಾಂಕ್ ಶುರು ಮಾಡಿದ್ವಿ. ನನ್ನದು ಒಂದು ಸಾವಿರ, ಹೆಚ್‌ಎಂದು ಐನೂರು, ಎಸ್‌ಡಿಎಂಸಿ ಅಧ್ಯಕ್ಷರದು ಐನೂರು. ನಾಲ್ಕರಿಂದ ಏಳನೇ ಕ್ಲಾಸಿನ 27 ಮಕ್ಕಳನ್ನ ಮೂರು ಮೂರು ಜನರ ಒಂಬತ್ತು ಗುಂಪು ಮಾಡಿ, ಗುಂಪಿಗೆ 200 ರೂಪಾಯಿ ಸಾಲ, ಶನಿವಾರ 210 ವಾಪಸ್ ಕೊಡಬೇಕು, ಪತ್ರ ಬರೆದು ಸಹಿ ಹಾಕಬೇಕು. ಏಳನೇ ಕ್ಲಾಸಿನವರು ಶೇಕಡಾ ಬಡ್ಡಿ ಲೆಕ್ಕಾನ ಅವತ್ತು ಮೊದಲನೇ ಸಲ ಗಮನ ಕೊಟ್ಟು ಕೇಳಿದ್ರು, ಯಾಕಂದ್ರೆ ಕೊಡಬೇಕಾಗಿರೋದು ಅವರೇ. ಗುಂಪು ಹೆಂಗೆ ಹಂಚಿದೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಎರಡು ಕೇರಿ ಮಕ್ಕಳನ್ನ ಜಗಳ ಇಲ್ದೆ ಒಂದೇ ಟಾರ್ಪಾಲ್ ಮೇಲೆ ಕೂರಿಸೋಕೆ ನಂಗೆ ಎರಡು ವರ್ಷ ಹಿಡಿದಿದೆ, ನನ್ನ ಶಾಲೆಗೆ ಬಂದ್ರೆ ಟೀ ಕುಡಿಸಿ ಹೇಳ್ತೀನಿ.

ಮಂಗಳವಾರ ಅಡುಗೆ ಮನೇಲಿ ಪಾಠ. ಬಿಸಿಯೂಟಕ್ಕೆ ಐದನೇ ಕ್ಲಾಸಿನವರೆಗೆ ತಲೆಗೆ 100 ಗ್ರಾಂ ಅಕ್ಕಿ, ಆರು ಏಳಕ್ಕೆ 150, ಅಡುಗೆಯಮ್ಮ ಕೇಳ್ತಾರೆ, ಇವತ್ತು ಇಷ್ಟು ಹಾಜರಿ, ಎಷ್ಟು ಅಳೀಲಿ? ಮಕ್ಕಳು ಹೇಳಬೇಕು. ಹಾಲಿಂದೂ ಹಂಗೇ, 150 ಎಂಎಲ್‌ಗೆ 18 ಗ್ರಾಂ ಪುಡಿ, ಮೂವತ್ತು ಜನ ಕುಡಿಯೋದಾದ್ರೆ ಎಷ್ಟು. ಒಬ್ಬ ಸೊನ್ನೆ ಒಂದು ಬಿಟ್ಟು 54 ಗ್ರಾಂ ಅಂದ, ಅಡುಗೆಯಮ್ಮ ಕೂಡ್ಲೇ "ಅಷ್ಟ್ರಲ್ಲಿ ನೀರೇ ಕುಡೀಬೇಕು ಕಣಪ್ಪ" ಅಂದ್ರು, ತಕ್ಷಣ ತಿದ್ಕೊಂಡ. ನಾನು ಕೆಂಪು ಇಂಕಲ್ಲಿ ತಪ್ಪು ಹಾಕಿದ್ರೆ ಅಷ್ಟು ಬೇಗ ತಿದ್ಕೊಳ್ತಿರ್ಲಿಲ್ಲ.

ಇಡೀ ವಾರದಲ್ಲಿ ನಂಗೆ ತುಂಬಾ ಉಪಯೋಗ ಆಗಿದ್ದು ಬುಧವಾರ. ನಮ್ಮೂರ ಅಂಗಡಿಯವರನ್ನ ಕರೆದಿದ್ದೆ, ಓದಿರೋದು ನಾಲ್ಕನೇ ಕ್ಲಾಸು, ಬರಲ್ಲ ಅಂತ ಮೂರು ಸಲ ಹೇಳಿದ್ರು, "ಮಕ್ಕಳ ಮುಂದೆ ನಾನೇನ್ ಮಾತಾಡ್ಲಿ ಮೇಡಮ್ಮೋರೇ" ಅಂತ. ನಮ್ಮ ಮಕ್ಕಳಿಗೆ 100ರಲ್ಲಿ 37 ಕಳೆಯೋದು ಯಾವಾಗ್ಲೂ ಕಷ್ಟ, ಸೊನ್ನೆಯಿಂದ ದಶಕ ಬಿಚ್ಚೋದ್ರಲ್ಲಿ ಎಡವ್ತಾರೆ, ನಿಮ್ಮಲ್ಲೂ ಹಂಗೇ ಇರುತ್ತೆ. ಇವರು ಬಂದು ಕಳೆಯೋ ಲೆಕ್ಕಾನೇ ಮಾಡ್ಲಿಲ್ಲ. 37 ಆಯ್ತಾ, ಮೂರು ಕೊಟ್ಟೆ ನಲವತ್ತು, ಹತ್ತು ಕೊಟ್ಟೆ ಐವತ್ತು, ಐವತ್ತು ಕೊಟ್ಟೆ ನೂರು, ಅಷ್ಟೇ. ಮಕ್ಕಳು ಕಣ್ಣು ಬಿಟ್ಕೊಂಡು ನೋಡಿದ್ರು. ಹದಿನೈದು ನಿಮಿಷ ಸಾಕು ಅಂದುಕೊಂಡಿದ್ದೆ, ಒಂದು ಗಂಟೆ ಆದ್ರೂ ಬಿಡ್ಲಿಲ್ಲ, ಅವರೂ ಹೋಗ್ಲಿಲ್ಲ, ಅಂಗಡಿ ಬಾಗಿಲು ಹಾಕಿತ್ತು ಅವತ್ತು ಮಧ್ಯಾಹ್ನದವರೆಗೂ. ಸೋಮವಾರ ಇಂಥ ಹತ್ತು ಬಾಯಿಲೆಕ್ಕ ಕೇಳಿದಾಗ 27ರಲ್ಲಿ 11 ಮಕ್ಕಳು ಎಲ್ಲಾನೂ ಸರಿ ಹೇಳಿದ್ರು, ಮುಂದಿನ ಸೋಮವಾರ 22. ಒಂದು ತಿಂಗಳು ಬಿಟ್ಟು ಮತ್ತೆ ಕೇಳಿದೆ, ಇಪ್ಪತ್ತರ ಹತ್ರ ಇತ್ತು. ಪೋರ್ಷನ್ ಬಗ್ಗೆ ಕೇಳೋರಿಗೆ ನಾನು ಇದನ್ನೇ ತೋರಿಸ್ತೀನಿ.

ಅವತ್ತೇ ಮಧ್ಯಾಹ್ನ ಇನ್ನೊಂದು ಪ್ರಯೋಗ ಆಯ್ತು, ಪ್ಲಾನಲ್ಲಿ ಇರಲಿಲ್ಲ. ಇಬ್ಬರು ಅಜ್ಜೀರು ಮನೆಯಿಂದ ಹಳೇ ಕಾಲದ ಅಳತೆ ಪಾತ್ರೆ, ಪಾವು ಸೇರು ತಂದಿದ್ರು, ನಾಲ್ಕು ಪಾವು ಒಂದು ಸೇರು ಅಂತ ತೋರಿಸೋಕೆ. ಒಬ್ಬ ಹುಡುಗ ಎರಡು ಪಾವಿಗೂ ನೀರು ತುಂಬಿ ಅಳತೆ ಜಾಡಿಗೆ ಸುರಿದ, ಒಂದು 200 ಎಂಎಲ್ ಮೇಲೆ ಸ್ವಲ್ಪ, ಇನ್ನೊಂದು 250 ಹತ್ರ. ಅಜ್ಜೀರಿಬ್ರೂ ನಂದೇ ಸರಿ ನಂದೇ ಸರಿ ಅಂತ ವಾದಕ್ಕೆ ನಿಂತ್ರು. ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕಾಯ್ತು ಅಂತ ನಾನು ಬೋರ್ಡ್ ಮೇಲೆ ಬರೆಯೋದೇ ಬೇಕಾಗ್ಲಿಲ್ಲ. ಆಮೇಲೆ ಒಬ್ಬರು ತಾತ ಆಣೆ ಲೆಕ್ಕ ಹೇಳಿದ್ರು, 1957ರಲ್ಲಿ ನಯಾಪೈಸೆ ಬರೋವರೆಗೂ ರೂಪಾಯಿಗೆ ಹದಿನಾರಾಣೆ ಇತ್ತಲ್ಲ, ನಾಲ್ಕಾಣೆ ಅಂದ್ರೆ ಕಾಲು, ಎಂಟಾಣೆ ಅರ್ಧ, ಹನ್ನೆರಡಾಣೆ ಮುಕ್ಕಾಲು. ಭಿನ್ನರಾಶಿಗೆ ಇದಕ್ಕಿಂತ ಒಳ್ಳೆ ಸಾಮಗ್ರಿ ಗಣಿತ ಕಿಟ್‌ನಲ್ಲೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಈಗ ಐದನೇ ಕ್ಲಾಸಿಗೆ ಹಿಂಗೇ ಶುರು ಮಾಡ್ತೀನಿ.

ಸಂತೆಗೆ ಫೋನ್‌ಪೇ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ, ನಗದು ಮಾತ್ರ. ಹಂಗಾಗಿ ಚಿಲ್ಲರೆ ಬೇಕಿತ್ತು, ಸುಮಾರು 1,500 ರೂಪಾಯಿಯಷ್ಟು. ಎಲ್ಲಿಂದ ಹೊಂದಿಸಿದೆ ಅಂತ ಕೇಳಬೇಡಿ, ಮುಂದಿನ ವರ್ಷಾನೂ ಅಲ್ಲಿಂದಾನೇ ತರಬೇಕು. ಹತ್ತು ರೂಪಾಯಿ ಕಾಯಿನ್ ನಮ್ಮೂರಲ್ಲಿ ಯಾರೂ ತಗೊಳ್ತಿರ್ಲಿಲ್ಲ, ಎಲ್ಲಾ ಡಿಸೈನೂ ಚಲಾವಣೇಲಿದೆ ಅಂತ ರಿಸರ್ವ್ ಬ್ಯಾಂಕ್ ಹೇಳಿದ್ರೂ ಅಷ್ಟೇ. ಆರನೇ ಕ್ಲಾಸಿನ ಮಕ್ಕಳು ಅದನ್ನ ದೊಡ್ಡದಾಗಿ ಬರೆದು ಗೇಟಿಗೆ ಅಂಟಿಸಿದ್ರು, ಅವತ್ತು ಸಂತೇಲಿ ಎಲ್ಲಾ ಕಾಯಿನ್ನೂ ಓಡ್ತು.

ಶುಕ್ರವಾರ ಸಂಜೆ ಜಾತ್ರೆ ಥರ ಇತ್ತು. ಅವರೆಕಾಯಿ ಸೀಸನ್ನು, ಸೊಗಡು ಇಡೀ ಫೀಲ್ಡ್ ತುಂಬ. ತೆಂಗಿನಕಾಯಿ, ಎಳನೀರು, ಸೊಪ್ಪು, ಬೋಂಡ. ನಲಿಕಲಿ, ಅಂದ್ರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಮಾರೋ ಕೆಲಸ ಕೊಡ್ಲಿಲ್ಲ, ಗೇಟಲ್ಲಿ ಕೂತು ಒಬ್ಬೊಬ್ಬರು ಒಳಗೆ ಬಂದ ಹಂಗೆ ಡಬ್ಬಕ್ಕೆ ಒಂದೊಂದು ಹುಣಸೆ ಬೀಜ ಹಾಕ್ತಿದ್ರು, ಶನಿವಾರ ಹತ್ತು ಹತ್ತು ಗುಡ್ಡೆ ಮಾಡಿ ಎಣಿಸಿದ್ರು, ಇನ್ನೂರ ಹತ್ತೋ ಹನ್ನೆರಡೋ. ಟೀಗೆ ನಾನೂರು, ಬಲ್ಬು ವೈರಿಗೆ ಮುನ್ನೂರು, ಲೆಕ್ಕದ ಪುಸ್ತಕಕ್ಕೆ ಇನ್ನೂರರ ಒಳಗೆ, ಶಾಲೆ ಖರ್ಚು ಅಷ್ಟೇ.

ಟೊಮ್ಯಾಟೊ ಗುಂಪು ಅರ್ಧ ಗಂಟೇಲಿ ಎಂಟು ಕೆಜಿನೂ ಖಾಲಿ ಮಾಡಿ ಕುಣಿದಾಡ್ತಿತ್ತು. ಕೊಂಡಿದ್ದು ಕೆಜಿಗೆ 25, ಪಕ್ಕದ ಗುಂಪು 22ಕ್ಕೆ ಮಾರ್ತಿತ್ತು, ಅವರದು ಹೊಲದ್ದು, ಇವರು ಸೋಲಬಾರದು ಅಂತ 20ಕ್ಕೆ ಇಳಿಸಿದ್ರು. ನಾನು ನೋಡ್ತಾನೇ ಇದ್ದೆ, ಬಾಯಿ ಬಿಡ್ಲಿಲ್ಲ, ಕಷ್ಟ ಆಯ್ತು ಸುಮ್ನಿರೋಕೆ. ಶನಿವಾರ ಕೈಲಿದ್ದಿದ್ದು 160. ಅಳು ಬಂತು ಅವರಿಗೆ. ಬ್ಯಾಂಕಿಗೆ ಅಷ್ಟೇ ಕಟ್ಟಿಸ್ಕೊಂಡೆ, ಬಾಕಿ 50 ಅಂತ ಪುಸ್ತಕದಲ್ಲಿ ಬರೆಸಿದೆ. ಆಮೇಲೆ ಅದೇ ಮೂರು ಜನ ನಷ್ಟದ ಲೆಕ್ಕ ಕೊಟ್ರೆ ತಕ್ಷಣ ಹಿಡೀತಾರೆ.

ಬೋಂಡ ಗುಂಪಿಂದು ಇನ್ನೂ ದೊಡ್ಡ ಕಥೆ. 540ರಷ್ಟು ವ್ಯಾಪಾರ, ಸಾಲ ಬಡ್ಡಿ ತೀರಿಸಿ 330 ಲಾಭ, ಅವರೇ ಫಸ್ಟ್ ಅಂತ ಎಲ್ಲರೂ ಚಪ್ಪಾಳೆ ಹೊಡೆದ್ರು. ಅಷ್ಟರಲ್ಲಿ ಅದೇ ಗುಂಪಿನ ಆರನೇ ಕ್ಲಾಸಿನ ಹುಡುಗಿ ಎದ್ದು "ಮಿಸ್, ಎಣ್ಣೆ ಮನೇದು, ಅದನ್ನ ಬರೆದಿಲ್ಲ" ಅಂದ್ಳು. 150 ಬರೆದ್ವಿ, ಲಾಭ 180ಕ್ಕೆ ಇಳೀತು. ಆಮೇಲೆ ಅವಳೇ ಸ್ವಲ್ಪ ಹೊತ್ತು ಯೋಚನೆ ಮಾಡಿ ಇನ್ನೊಂದು ಸಾಲು ಬರೆದ್ಳು: ಅಮ್ಮನ ಅರ್ಧ ದಿನದ ಕೂಲಿ, 200. ಒಲೆ ಮುಂದೆ ಕೂತು ಬೋಂಡ ಕರಿದಿದ್ದು ಅವರಮ್ಮ, ಅವತ್ತು ಮಧ್ಯಾಹ್ನದ ಮೇಲೆ ಕೆಲಸಕ್ಕೆ ಹೋಗಿರ್ಲಿಲ್ಲ. 20 ರೂಪಾಯಿ ನಷ್ಟ ಆಯ್ತು. ಅವರಪ್ಪ ಹಿಂದೆ ನಿಂತಿದ್ರು, "ಮನೆ ಕೆಲಸಕ್ಕೆಲ್ಲ ಯಾರು ಕೂಲಿ ಬರೀತಾರೆ ಮಗ" ಅಂದ್ರು, ಅವಳು "ಅಪ್ಪ, ನೀನು ಟ್ರ್ಯಾಕ್ಟರ್‌ಗೆ ಡ್ರೈವರ್ ಕರೆದ್ರೆ ಬರಿಯಲ್ವಾ" ಅಂತ ಕೇಳಿದ್ಳು. ಅವರಮ್ಮ ಏನೂ ಮಾತಾಡ್ಲಿಲ್ಲ, ಪುಸ್ತಕ ತಗೊಂಡು ಆ ಸಾಲಿನ ಮೇಲೆ ಬೆರಳಿಟ್ಟು "ಇದು ನಂದಾ" ಅಂತ ಕೇಳಿದ್ರು.

ಬ್ಯಾಂಕಲ್ಲಿ ಈಗ 2,040 ಇದೆ, ಹೆಚ್‌ಎಂ ಬೀರೂಲಿ ಡಬ್ಬದಲ್ಲಿಟ್ಟಿದ್ದೀವಿ. ತಕ್ಕಡಿ ಒಂದರ ಮುಳ್ಳು ಅಂಟ್ಕೊಳ್ತಿತ್ತು, ಅದನ್ನ ರಿಪೇರಿ ಮಾಡಿಸಬೇಕು. ಟೊಮ್ಯಾಟೊ ಹುಡುಗರು 50 ಬಾಕಿ ತೀರಿಸೋಕೆ ಶಾಲೆ ತೋಟದ ಕೊತ್ತಂಬರಿ ಸೊಪ್ಪು ಕೇಳಿದ್ದಾರೆ, ಕಟ್ಟಿಗೆ ಎಷ್ಟಕ್ಕೆ ಕೊಡಬೇಕು ಅಂತ ಸೋಮವಾರ ಎಲ್ಲಾ ಸೇರಿ ಕೂತು ತೀರ್ಮಾನ ಮಾಡ್ತೀವಿ.