ಮನೆ ಭೇಟಿ: ಅಕ್ಕಿ ಚೀಲಕ್ಕಿಂತ ಮೊದಲು ಪಾಸ್‌ಬುಕ್

ಕಾರವಾರ, ಅಂಕೋಲಾ ಕಡೆಯ ಕೇರಿಗಳ ಬಡ ಮನೆಗಳಿಗೆ ದಿನಸಿ ಕೊಡಲು ನಾನು ಮಧ್ಯಾಹ್ನ ಮೂರರ ಮೇಲೆಯೇ ಹೋಗುವುದು. ಬೆಳಿಗ್ಗೆ ಹೋದರೆ ಮೀನು ಮಾರುವ ಹೆಂಗಸರ ಮನೆಗೆ ಬೀಗ. ಯಾವಾಗಲೂ ಇಬ್ಬರು ಹೋಗುತ್ತೇವೆ, ಒಬ್ಬರಿಗಾದರೂ ಕೊಂಕಣಿ ಬರಬೇಕು. ಫೋಟೊ ಇಲ್ಲ, ಸಂಸ್ಥೆಯ ಹೆಸರು ಬರೆದ ಚೀಲವೂ ಇಲ್ಲ. ಕೇರಿಗೆಲ್ಲ ಕಾಣುವಂತೆ ಅಕ್ಕಿ ಇಳಿಸಿದ ಮನೆಯವರು ಮುಂದಿನ ಸಲ 'ನಮಗೇನೂ ಬೇಡ' ಅಂದುಬಿಡುತ್ತಾರೆ.

ಇಬ್ಬರಿರುವ ಮನೆಗೆ ಹದಿನೈದು ದಿನಕ್ಕೆ 8 ಕಿಲೊ ಕುಚಲಕ್ಕಿ, 1 ಕಿಲೊ ತೊಗರಿಬೇಳೆ, 1 ಲೀಟರ್ ತೆಂಗಿನೆಣ್ಣೆ, 1 ಕಿಲೊ ಸಕ್ಕರೆ, ಕಾಲು ಕಿಲೊ ಚಹಾಪುಡಿ. ಗೋಧಿ ಹಿಟ್ಟು ಕೊಡುವುದನ್ನು ಬಿಟ್ಟಿದ್ದೇನೆ. ಗಂಜಿ ಉಣ್ಣುವ ಮನೆಯಲ್ಲಿ ಅದು ಡಬ್ಬಿಯಲ್ಲೇ ಕೂತು ಮಳೆಗಾಲದ ತಂಪಿಗೆ ಹುಳ ಹಿಡಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಲ್ಲಿ ಮೀನು ಹಿಡಿಯಲು ನಿಷೇಧ. ಬಂದರಿನಲ್ಲಿ ಮೀನು ಇಳಿಸುವವರಿಗೂ ಐಸ್ ಹೊರುವವರಿಗೂ ಆಗ ಕೂಲಿ ಇಲ್ಲ. ಆ ಎರಡು ತಿಂಗಳಿಗೆ ಅಕ್ಕಿಯನ್ನು ಮೇ ತಿಂಗಳಲ್ಲೇ ತೆಗೆದಿಡಬೇಕು.

ಚೀಲ ಇಳಿಸಿದ ಮೇಲೆ 'ಏನು ಬೇಕು?' ಅಂತ ಕೇಳುವುದಿಲ್ಲ, ಕೇಳಿದರೆ ಸಂಕೋಚಕ್ಕೆ 'ಏನಿಲ್ಲ' ಎನ್ನುತ್ತಾರೆ. 'ಅಜ್ಜಿ, ಪೆನ್ಷನ್ ಕಡೆಯದಾಗಿ ಯಾವಾಗ ಬಂತು?' ಎಂದು ಕೇಳಿ ಪಾಸ್‌ಬುಕ್ ನೋಡುತ್ತೇನೆ. 65 ದಾಟಿದವರಿಗೆ ತಿಂಗಳಿಗೆ ಸಂಧ್ಯಾ ಸುರಕ್ಷಾದ 1,200 ರೂಪಾಯಿ, ಯಜಮಾನಿಗೆ ಗೃಹಲಕ್ಷ್ಮಿಯ 2,000. ಮಂಜೂರಾಗಿಯೂ ಹಣ ಕಾಣದಿದ್ದರೆ ನನ್ನ ಮೊದಲ ಅನುಮಾನ ಇನ್ನೊಂದು ಖಾತೆಯ ಮೇಲೆ. ಆಧಾರ್ ಮೂಲಕ ಬರುವ ಹಣ ಕೊನೆಗೆ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ, ಕೈಯಲ್ಲಿರುವ ಪಾಸ್‌ಬುಕ್ಕಿಗಲ್ಲ. ಯಾರೋ ಕ್ಯಾಂಪ್ ಮಾಡಿ ತೆರೆಸಿದ ಖಾತೆ ಅವರಿಗೇ ನೆನಪಿರುವುದಿಲ್ಲ. ಆಧಾರ್ ವೆಬ್‌ಸೈಟಿನಲ್ಲಿ 'ಬ್ಯಾಂಕ್ ಸೀಡಿಂಗ್' (ಬ್ಯಾಂಕ್ ಜೋಡಣೆ) ನೋಡಿದರೆ ಬ್ಯಾಂಕಿನ ಹೆಸರು ತಿಳಿಯುತ್ತದೆ. ಅದಕ್ಕೆ ಓಟಿಪಿ ಬೇಕು, ಹಳೇ ಮೊಬೈಲ್ ನಂಬರ್ ಬಂದ್ ಆಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ. ಓಟಿಪಿಯನ್ನು ಅವರೇ ಒತ್ತಬೇಕು, ಮನೆಯವರೊಬ್ಬರು ಪಕ್ಕದಲ್ಲಿರಬೇಕು. ಖಾತೆಯಲ್ಲಿ ಎಷ್ಟಿದೆ ಎಂದು ಗಟ್ಟಿಯಾಗಿ ಓದಬಾರದು. ಕುಡಿಯುವ ಮಗ ಒಳಗಿನ ಕೋಣೆಯಲ್ಲಿ ಮಲಗಿರಬಹುದು.

ಬೆರಳಿನ ಗುರುತಿನ ಗೋಳು ಬೇರೆ. ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ದುಡಿದ ಕೈ, ಶಿರಸಿ ಕಡೆ ಅಡಿಕೆ ಸುಲಿದ ಕೈ, ಗೆರೆ ಸವೆದಿರುತ್ತವೆ. ರೇಷನ್ ಅಂಗಡಿಯ ಯಂತ್ರ ಒಪ್ಪದಿದ್ದರೆ ಕೈ ತೊಳೆದು ಒರೆಸಿ ಬೇರೆ ಬೆರಳು ಇಡಿಸಿ. ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಹೊಸದಾಗಿ ಕೊಡಿಸಬೇಕು, ಆಗ ಕಣ್ಣಿನ ಗುರುತೂ ಸೇರುತ್ತದೆ.

ಮಾತ್ರೆಯ ಪಟ್ಟಿ ಎಣಿಸುವುದನ್ನು ಮರೆಯಬೇಡಿ. ದಿನಕ್ಕೊಂದರಂತೆ ಹತ್ತು ದಿನದ್ದು ಬರೆದುಕೊಟ್ಟು, ಹತ್ತನೇ ದಿನ ಮುಗಿದಾಗ ಐದು ಉಳಿದಿದ್ದರೆ ದಿನ ಬಿಟ್ಟು ದಿನ ನುಂಗುತ್ತಿದ್ದಾರೆ ಅಂತ ಅರ್ಥ, ಉಳಿತಾಯಕ್ಕೆ. ಬೈಯಬಾರದು. ರಕ್ತದೊತ್ತಡದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆಂದು ಹೇಳಿ, ಆಶಾ ಕಾರ್ಯಕರ್ತೆಗೆ ತಿಳಿಸುತ್ತೇನೆ.

ಮೂಲ ಕಾಗದ ನಾನು ಒಯ್ಯುವುದಿಲ್ಲ, ಜೆರಾಕ್ಸ್ ಮಾತ್ರ, ಅದೂ ಪ್ಲಾಸ್ಟಿಕ್ ಕವರಿನಲ್ಲಿ. ಒಂದು ಮನೆಗೆ ನೋಟ್‌ಬುಕ್ಕಿನ ಒಂದು ಹಾಳೆ: ಬಂದ ದಿನ, ರೇಷನ್ ಕಾರ್ಡಿನ ಬಗೆ, ಹಣ ಜಮೆಯಾದ ಕೊನೆಯ ತಾರೀಕು, ಮತ್ತೆ ನಾನು ಏನು ಮಾಡುತ್ತೇನೆಂದು ಬಾಯಿಬಿಟ್ಟು ಹೇಳಿದ್ದೇನೋ ಅದು. ಈ ಕೊನೆಯ ಸಾಲನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ.