ಬೂಷ್ಟು ಹಿಡಿದ ವಿಎಚ್‌ಎಸ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು

ಉಡುಪಿ, ಮಂಗಳೂರಿನ ಮಳೆಗಾಲಗಳನ್ನು ಕಂಡ ಕ್ಯಾಸೆಟ್ಟನ್ನು ಕಪಾಟಿನಿಂದ ತೆಗೆದ ಕೂಡಲೇ ವಿಸಿಆರ್‌ಗೆ ತುರುಕಬೇಡಿ. ಟಾರ್ಚ್ ಹಿಡಿದು ಸುರುಳಿಯ ಅಂಚು ನೋಡಿ. ಬಿಳಿ ಪುಡಿಯೋ ಜೇಡರ ಬಲೆಯಂಥ ಎಳೆಯೋ ಕಂಡರೆ ಅದು ಬೂಷ್ಟು. ಓಡಿಸಿದರೆ ವಿಸಿಆರ್‌ನೊಳಗೆ ಟೇಪನ್ನು ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಸುತ್ತುಗಳು ಅಂಟಿದ್ದರೆ ಟೇಪು ಹರಿಯುವುದೂ ಉಂಟು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದು ವಾರ ಇಡಿ. ಬಿಸಿಲಿಗೆ ಮಾತ್ರ ಬೇಡ. ಒಣಗಿದ ಮೇಲೂ ಪುಡಿ ಉಳಿದಿರುತ್ತದೆ, ಒರೆಸುವಾಗ ಮಾಸ್ಕ್ ಹಾಕಿ.

ಕ್ಯಾಸೆಟ್ಟಿನ ಹಿಂಬದಿಯ ಪ್ಲಾಸ್ಟಿಕ್ ಚೂರು ಇನ್ನೂ ಇದ್ದರೆ ಮುರಿದುಬಿಡಿ. ತಪ್ಪಿ ರೆಕಾರ್ಡ್ ಒತ್ತಿದರೂ ಅದರಲ್ಲಿ ಚಿತ್ರಿಸಿಟ್ಟ ನಾಗಮಂಡಲ ಅಳಿಯದು.

ಚಿತ್ರದಲ್ಲಿ ಹಿಮ ಸುರಿದಂತಿದ್ದರೆ ಹೆಡ್ ಕೊಳೆಯಾಗಿದೆ. ವಿಸಿಆರ್‌ನ ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಬಿಳಿ ಕಾಗದವನ್ನು ಹೆಡ್ ಕೂತಿರುವ ಡ್ರಮ್ಮಿಗೆ ಮೆಲ್ಲಗೆ ಒತ್ತಿಹಿಡಿದು, ಡ್ರಮ್ಮನ್ನೇ ಕೈಯಿಂದ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಹತ್ತಿ ಕಡ್ಡಿಯ ನೂಲು ಸಿಕ್ಕಿಕೊಳ್ಳುತ್ತದೆ, ಬೇಡ.

ವಿಸಿಆರ್‌ನ ಚಿತ್ರ, ಧ್ವನಿಯನ್ನು ಕಂಪ್ಯೂಟರಿಗೆ ಕೊಡುವ ಕ್ಯಾಪ್ಚರ್ ಸಾಧನಕ್ಕೆ ವೈರು ಜೋಡಿಸುವಾಗ ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ನಮ್ಮ ಟೇಪುಗಳು ಸಾಮಾನ್ಯವಾಗಿ ಪಾಲ್ ಎಂಬ ಟಿವಿ ಪದ್ಧತಿಯವು: 720×576, ಸೆಕೆಂಡಿಗೆ 25 ಫ್ರೇಮ್. ಸಾಫ್ಟ್‌ವೇರ್ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿದ್ದರೆ ಬಣ್ಣ ಹೋಗಿ ಚಿತ್ರ ಉರುಳುತ್ತದೆ. ಅಗ್ಗದ ಯುಎಸ್‌ಬಿ ಸಾಧನಗಳು ಹಳೆ ಟೇಪಿನ ಅಲುಗಾಟಕ್ಕೆ ಫ್ರೇಮ್ ಬಿಡುತ್ತವೆ. ಅರ್ಧ ಗಂಟೆಯಲ್ಲಿ ಯಕ್ಷಗಾನದ ಭಾಗವತರ ಬಾಯಿಗೂ ಪದಕ್ಕೂ ತಾಳ ತಪ್ಪಿರುತ್ತದೆ. ನಡುವೆ ಈ ಅಲುಗಾಟವನ್ನು ಸಮಗೊಳಿಸುವ ಟೈಮ್ ಬೇಸ್ ಕರೆಕ್ಟರ್ ಸೇರಿಸಿದರೆ ಬಹುಪಾಲು ಸರಿಹೋದೀತು.

ವಿಡಿಯೊವನ್ನು ಕುಗ್ಗಿಸಿ ಉಳಿಸುವ ಎಚ್.264 ವಿಧಾನದಲ್ಲಿ ಸೆಕೆಂಡಿಗೆ 6 ಮೆಗಾಬಿಟ್ (ಎಂಬಿಪಿಎಸ್) ಸಾಕು, ಗಂಟೆಗೆ ಸುಮಾರು 2.7 ಜಿಬಿ. ಟೇಪಿನ ಗೆರೆ ಬಿಟ್ಟು ಗೆರೆಯ ಅರ್ಧ ಚಿತ್ರಗಳನ್ನು ಪೂರ್ಣ ಫ್ರೇಮ್ ಮಾಡುವಾಗ (ಡಿಇಂಟರ್‌ಲೇಸ್) ಸೆಕೆಂಡಿಗೆ 50 ಫ್ರೇಮ್ ಆರಿಸಿ, ಚಲನೆ ನಯವಾಗಿರುತ್ತದೆ. ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ.