ಕ್ಯಾಂಪರ್ ವ್ಯಾನ್‌ಗೆ ಸ್ಟೀಲ್ ಡಿಸ್ಕಾ, ಅಲಾಯ್ ವೀಲಾ?

ಹಳೆ ಟಿಟಿ (ಟೆಂಪೊ ಟ್ರಾವೆಲರ್) ತಂದು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿ ಕ್ಯಾಂಪರ್ ಮಾಡಿಸುವವರು ಈಗ ಜಾಸ್ತಿ ಆಗಿದ್ದಾರೆ. ಪ್ಲೈವುಡ್ ಯಾವುದು, ಪರದೆಗೆ ಯಾವ ಬಣ್ಣ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಚಕ್ರದ ಸರದಿ ಬಂದಾಗ ಮಾತ್ರ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಅಂಗಡಿಯಲ್ಲಿ ನೇತುಹಾಕಿದ ಅಲಾಯ್‌ಗಳಲ್ಲಿ ಚೆನ್ನಾಗಿ ಹೊಳೆಯುವುದನ್ನು ತೋರಿಸಿ ‘ಅದು ಕೊಡಿ’ ಅನ್ನುತ್ತಾರೆ. ನಟ್ಟಿನ ತೂತು ಸರಿಹೊಂದಿದರೆ ವ್ಯಾಪಾರ ಮುಗಿಯಿತು. ಭಾರದ ಮಾತು ಕೊಳ್ಳುವವರೂ ಎತ್ತುವುದಿಲ್ಲ, ಮಾರುವವರೂ ಎತ್ತುವುದಿಲ್ಲ.

ಎಡವಟ್ಟು ಆಗುವುದು ಅಲ್ಲೇ. ಕಾರು ಪೂರ್ತಿ ತುಂಬಿಕೊಂಡು ಓಡುವುದು ಹಬ್ಬಕ್ಕೋ ಮದುವೆಗೋ. ಕ್ಯಾಂಪರ್ ಹಾಗಲ್ಲ, ಮನೆ ಮುಂದೆ ನಿಂತಿರುವಾಗಲೂ ಅದರ ಚಕ್ರದ ಮೇಲೆ ಸಂಸಾರದ ಭಾರ ಇರುತ್ತದೆ.

ಮೊದಲು ತೂಕ

ಅಂಗಡಿಗೆ ಹೋಗುವ ಮೊದಲು ವೇಬ್ರಿಡ್ಜ್‌ಗೆ ಹೋಗಿ. ಎಪಿಎಂಸಿ ಯಾರ್ಡ್ ಹತ್ತಿರವೋ ಜಲ್ಲಿ ಕ್ರಷರ್ ಹತ್ತಿರವೋ ಒಂದು ಸಿಗುತ್ತದೆ. ಆರ್‌ಸಿಯಲ್ಲಿರುವ ಖಾಲಿ ಗಾಡಿಯ ತೂಕವನ್ನು ನಂಬಬೇಡಿ, ಅದು ಮಂಚ-ಒಲೆ ಬರುವ ಮೊದಲಿನ ಲೆಕ್ಕ. 100 ಲೀಟರ್ ನೀರು ಅಂದರೆ 100 ಕಿಲೋ. 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ ಒಂದೇ 50 ಕಿಲೋ ದಾಟುತ್ತದೆ.

ಟ್ಯಾಂಕಿಗೆ ನೀರು, ಡೀಸೆಲ್ ಪೂರ್ತಿ ತುಂಬಿಸಿ. ಪ್ರವಾಸಕ್ಕೆ ಒಯ್ಯುವ ಸಾಮಾನು, ಹೋಗುವ ಜನ ಎಲ್ಲ ಒಳಗಿರಲಿ. ಮೂರು ಸಲ ತೂಕ ಹಾಕಿಸಿ. ಒಮ್ಮೆ ಇಡೀ ಗಾಡಿ. ಇನ್ನೊಮ್ಮೆ ಮುಂದಿನ ಚಕ್ರ ಕೆಳಗಿಳಿಸಿ, ಹಿಂದಿನ ಎರಡೂ ಚಕ್ರ ಮಾತ್ರ ತಟ್ಟೆಯ ಮೇಲೆ. ಮೂರನೆಯದು ಹಿಂದಿನ ಒಂದೇ ಬದಿ. ಇದಕ್ಕೆ ಅಲ್ಲಿನ ಹುಡುಗ ಗೊಣಗಬಹುದು, ಇನ್ನೊಂದು ರಸೀದಿಯ ದುಡ್ಡು ಕೊಡಿ. ತಟ್ಟೆಯೂ ಅಕ್ಕಪಕ್ಕದ ನೆಲವೂ ಒಂದೇ ಮಟ್ಟದಲ್ಲಿರುವ ಕಡೆ ಮಾಡಿ, ಇಳಿಜಾರಿದ್ದರೆ ಲೆಕ್ಕ ತಪ್ಪುತ್ತದೆ.

ಮೂರನೆಯ ತೂಕವನ್ನು ಬಹುತೇಕ ಎಲ್ಲರೂ ಬಿಡುತ್ತಾರೆ. ಹಿಂದಿನ ಆ್ಯಕ್ಸಲ್ ತೂಕವನ್ನು ಎರಡರಿಂದ ಭಾಗಿಸಿದರೆ ಆಯಿತಲ್ಲ ಅಂತ ಲೆಕ್ಕ. ಆದರೆ ಅಡುಗೆ ಕಟ್ಟೆ, ನೀರಿನ ಟ್ಯಾಂಕ್, ಬ್ಯಾಟರಿ ಮೂರನ್ನೂ ಒಂದೇ ಬದಿಗೆ ಜೋಡಿಸುವುದು ನಮ್ಮ ಬಡಗಿಗಳ ಅಭ್ಯಾಸ. ಉದಾಹರಣೆಗೆ, ಹಿಂದಿನ ಆ್ಯಕ್ಸಲ್ ಮೇಲೆ 2,060 ಕಿಲೋ ಇದೆ ಅನ್ನಿ. ಅರ್ಧ 1,030. ಆದರೆ ಅಡುಗೆ ಬದಿಯಲ್ಲಿ 1,120, ಇನ್ನೊಂದು ಬದಿಯಲ್ಲಿ 940 ಇರಬಹುದು. ಚಕ್ರ ಕೊಳ್ಳಬೇಕಾದದ್ದು 1,120ಕ್ಕೆ.

ಗಾಡಿಯ ತಯಾರಕರ ಪ್ಲೇಟಿನಲ್ಲೋ ಕೈಪಿಡಿಯಲ್ಲೋ ಹಿಂದಿನ ಆ್ಯಕ್ಸಲ್ ಎಷ್ಟು ತಡೆಯುತ್ತದೆ ಅಂತ ಇರುತ್ತದೆ. ಅದರ ಅರ್ಧವನ್ನೂ ಬರೆದುಕೊಳ್ಳಿ. ಈ ಅರ್ಧ ಮತ್ತು ನಿಮ್ಮ ಭಾರದ ಬದಿ, ಎರಡರಲ್ಲಿ ಯಾವುದು ದೊಡ್ಡದೋ ಅದು ನಿಮ್ಮ ಸಂಖ್ಯೆ. ಅದರ ಮೇಲೆ ಇನ್ನೂ ಒಂದು 100 ಕಿಲೋ ಇಟ್ಟುಕೊಳ್ಳಿ ಅನ್ನುವವನು ನಾನು. ಆ್ಯಕ್ಸಲ್‌ನ ಮಿತಿಯನ್ನೇ ದಾಟಿದ್ದರೆ ಚಕ್ರದ ಮಾತು ಆಮೇಲೆ, ಮೊದಲು ಸಾಮಾನು ಇಳಿಸಿ.

ಈಗ ಅಲಾಯ್ ತಿರುಗಿಸಿ ಹಿಂಭಾಗ ನೋಡಿ. ಕಡ್ಡಿಗಳ ಹಿಂದೆ ಅಥವಾ ನಡುವಿನ ಹತ್ತಿರ ‘ಮ್ಯಾಕ್ಸ್ ಲೋಡ್’ ಅಂತ ಉಬ್ಬಚ್ಚು ಇರಬೇಕು. ಕಾರಿನ ಅಲಾಯ್‌ಗಳಲ್ಲಿ 600, 690 ಇಂಥ ಸಂಖ್ಯೆಗಳೇ ಹೆಚ್ಚು. ನಿಮ್ಮ 1,120 ಎಲ್ಲಿ, ಆ 690 ಎಲ್ಲಿ? ಕೆಲವದರಲ್ಲಿ ಪೌಂಡ್ ಲೆಕ್ಕ ಇರುತ್ತದೆ. 2,200 ಪೌಂಡ್ ನೋಡಿ ಖುಷಿಪಡಬೇಡಿ, ಅದು ಒಂದು ಟನ್ನಿಗೂ ಚೂರು ಕಡಿಮೆ. ‘ಜೆಡಬ್ಲ್ಯುಎಲ್’ ಅನ್ನುವ ಜಪಾನಿನ ಗುರುತು ಮಾತ್ರ ಇದ್ದರೆ ಅದು ಕಾರಿನ ಚಕ್ರದ ಪರೀಕ್ಷೆ. ಲಘು ಟ್ರಕ್ಕು, ಬಸ್ಸಿನದಾದರೆ ಕೊನೆಗೊಂದು ‘ಟಿ’ ಇರುತ್ತದೆ. ಭಾರದ ಅಚ್ಚೇ ಇಲ್ಲದ ಅಲಾಯ್ ಎಷ್ಟೇ ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ. ‘ಎಸ್‌ಯುವಿಗೇ ಹಾಕ್ತೀವಿ ಸಾರ್, ಏನೂ ಆಗಲ್ಲ’ ಅನ್ನುವುದು ಉತ್ತರ ಅಲ್ಲ.

ಟೈರಿಗೂ ಇದೇ ನಿಯಮ. ಅದರ ಬದಿಯಲ್ಲಿರುವ ಲೋಡ್ ಇಂಡೆಕ್ಸ್ 112 ಇದ್ದರೆ 1,120 ಕಿಲೋ, 116 ಇದ್ದರೆ 1,250. ಟೈರು, ರಿಮ್ ಎರಡರಲ್ಲಿ ಯಾವುದು ದುರ್ಬಲವೋ ಅದೇ ನಿಮ್ಮ ಮಿತಿ.

ಅಳತೆ

ನಟ್ಟಿನ ತೂತುಗಳ ವೃತ್ತದ ವ್ಯಾಸ, ನಡುವಿನ ದೊಡ್ಡ ತೂತು, ಆಫ್‌ಸೆಟ್ (ಚಕ್ರ ಗಾಡಿಗೆ ಕೂರುವ ಮುಖ ರಿಮ್ಮಿನ ಅಗಲದ ನಡುಗೆರೆಯಿಂದ ಎಷ್ಟು ಆಚೀಚೆ ಇದೆ ಅನ್ನುವ ಅಳತೆ), ಮೂರೂ ಕಂಪನಿಯ ಡಿಸ್ಕಿನಂತೆಯೇ ಇರಲಿ. ಗಾಡಿಯ ಹೆಸರು ಒಂದೇ ಅಂತ ನಂಬಬೇಡಿ. ಯುರೋಪಿನಲ್ಲಿ ಮೋಟರ್‌ಹೋಮ್‌ಗಳಿಗೆ ತುಂಬಾ ಬಳಸುವ ಫಿಯಟ್ ಡುಕಾಟೊದಲ್ಲಿ ಹಗುರ ಶಾಸಿಗೆ 118 ಎಂಎಂ ವೃತ್ತ, ಭಾರದ ಶಾಸಿಗೆ 130. ಅಲ್ಲಿ ನೆಲೆಸಿ ಹಳೆ ಮೋಟರ್‌ಹೋಮ್ ಕೊಳ್ಳುವ ಕನ್ನಡಿಗರು ಇದನ್ನು ನೋಡಿಕೊಳ್ಳಿ. ವ್ಯತ್ಯಾಸ ಮುಚ್ಚಲು ಚಕ್ರದ ಹಿಂದೆ ಸ್ಪೇಸರ್ ಅನ್ನುವ ಲೋಹದ ಬಿಲ್ಲೆ ಹಾಕುವ ಉಪಾಯ ಬೇಡವೇ ಬೇಡ.

ಇನ್ನು ಆಯ್ಕೆ

ಹಿಂದೆ ಜೋಡಿ ಚಕ್ರ ಇದ್ದರೆ ಯೋಚನೆಯೇ ಬೇಡ, ಸ್ಟೀಲ್.

ಒಂಟಿ ಚಕ್ರ ಇದ್ದರೂ ನನ್ನ ಓಟು ಸ್ಟೀಲಿಗೇ. ಗುಂಡಿಗೆ ಬಿದ್ದರೆ ಸ್ಟೀಲ್ ಸಾಮಾನ್ಯವಾಗಿ ಬೆಂಡ್ ಆಗುತ್ತದೆ, ಅಲಾಯ್ ಬಿರುಕು ಬಿಡುತ್ತದೆ. ಸಣ್ಣ ಬೆಂಡನ್ನು ತಾಲೂಕು ಕೇಂದ್ರದ ಟೈರ್ ಅಂಗಡಿಯವರೂ ತೆಗೆದುಕೊಡುತ್ತಾರೆ. ಬಿರುಕು ಕಣ್ಣಿಗೆ ಬೀಳದೆ ಗಾಳಿ ಮಾತ್ರ ಇಳಿಯುತ್ತಿರುತ್ತದೆ. ಬಿರುಕಿಗೆ ವೆಲ್ಡಿಂಗ್ ಹೊಡೆದು, ಬಣ್ಣ ಬಳಿದು ಮಾರುವವರಿದ್ದಾರೆ. ಅಂಥದ್ದನ್ನು ಕ್ಯಾಂಪರ್‌ಗೆ ಹಾಕಿಕೊಂಡು ಶಿರಾಡಿ ಘಾಟಿ ಇಳಿಯಬೇಡಿ.

ಅಲಾಯ್ ಹಗುರ, ಮೈಲೇಜ್ ಬರುತ್ತದೆ ಅನ್ನುವ ಆಸೆಯೂ ಬೇಡ. ಇಷ್ಟು ಭಾರ ಹೊರುವ ಅಲಾಯ್ ದಪ್ಪಗಿರುತ್ತದೆ, ಉಳಿಯುವುದು ನಾಲ್ಕು ಚಕ್ರ ಸೇರಿ ಕೆಲವೇ ಕಿಲೋ. ಎರಡು ಕೊಡ ನೀರು ಕಡಿಮೆ ತುಂಬಿಸಿದರೆ ಅಷ್ಟೇ ಆಯಿತು. ತುಕ್ಕಿನ ವಿಷಯದಲ್ಲಿ ಅಲಾಯ್ ಮೇಲು ನಿಜ. ಆದರೆ ಕಾರವಾರ, ಮಲ್ಪೆ ಕಡೆಯ ಉಪ್ಪು ಗಾಳಿಯಲ್ಲಿ ಅದರ ಲ್ಯಾಕರ್ (ಮೇಲಿನ ಪಾರದರ್ಶಕ ಲೇಪ) ಎಲ್ಲಾದರೂ ಎದ್ದರೆ ಒಳಗೆ ಬಿಳಿ ಪುಡಿ ಶುರುವಾಗುತ್ತದೆ. ಸ್ಟೀಲಿಗೆ ಉಪ್ಪುಕಾಗದ ತಿಕ್ಕಿ, ಪ್ರೈಮರ್ ಹೊಡೆದು ಬಣ್ಣ ಬಳಿದರೆ ಮುಗಿಯಿತು.

ನಿಮ್ಮದೇ ಮಾಡೆಲ್ಲಿಗೆ ಕಂಪನಿಯೇ ಕೊಡುವ ಅಲಾಯ್ ಇದೆ, ಭಾರದ ಅಚ್ಚು ಸರಿಯಿದೆ, ಚಂದವೂ ಬೇಕು ಅಂತಿದ್ದರೆ ತಗೊಳ್ಳಿ, ನನ್ನದೇನೂ ತಕರಾರಿಲ್ಲ. ವಿಮೆ ಕಂಪನಿಗೆ ಒಂದು ಮಾತು ತಿಳಿಸಿ.

ಜೋಡಿಸುವಾಗ

ಸಾಮಾನ್ಯ ರಬ್ಬರ್ ವಾಲ್ವ್ ತಡೆಯುವುದು 65 ಪಿಎಸ್‌ಐವರೆಗೆ. ಭಾರದ ಕ್ಯಾಂಪರ್‌ನ ಹಿಂದಿನ ಟೈರಿಗೆ ಅದಕ್ಕಿಂತ ಜಾಸ್ತಿ ಬೇಕಾಗಬಹುದು. ಯುರೋಪಿನ ಕ್ಯಾಂಪರ್ ಟೈರ್‌ಗಳಿಗೆ ಹಿಂದೆ 80 ಪಿಎಸ್‌ಐವರೆಗೂ ಹೇಳುತ್ತಾರೆ. ಸ್ಟೀಲಾಗಲಿ ಅಲಾಯಾಗಲಿ, ಲೋಹದ ವಾಲ್ವ್ ಹಾಕಿಸಿ.

ನಟ್ಟಿನ ಕಡೆಗೂ ಕಣ್ಣಿಡಿ. ಕೆಲವು ನಟ್ಟು ಕೂರುವ ಜಾಗ ಕೋನ್ ಆಕಾರ, ಕೆಲವದು ಗುಂಡಗೆ, ಇನ್ನು ಕೆಲವದು ಚಪ್ಪಟೆ. ಅಲಾಯ್‌ಗೆ ಸ್ಟೀಲ್ ಡಿಸ್ಕಿನ ನಟ್ಟನ್ನೇ ಬಿಗಿದರೆ ಆ ಕ್ಷಣಕ್ಕೆ ಗಟ್ಟಿ ಅನ್ನಿಸಿ, ದಾರಿಯಲ್ಲಿ ಸಡಿಲ ಆಗಬಹುದು. ಸ್ಟೆಪ್ನಿ ಸ್ಟೀಲೇ ಉಳಿದಿದ್ದರೆ ಅದರ ನಟ್ಟುಗಳ ಒಂದು ಸೆಟ್ ಜಾಕಿ ಜೊತೆ ಇಟ್ಟಿರಿ. ಏರ್ ಗನ್ನಿನಲ್ಲಿ ಕಿರ್ರ್ ಅನ್ನಿಸಿ ಬಿಡುವುದಕ್ಕೆ ಒಪ್ಪಬೇಡಿ. ಕೊನೆಯ ಬಿಗಿತ, ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ, ಕೈಪಿಡಿಯಲ್ಲಿರುವ ಅಳತೆಗೆ ಆಗಲಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ, ಚಕ್ರ ತಣ್ಣಗಿರುವಾಗ, ಇನ್ನೊಂದು ಸಲ ಬಿಗಿ ನೋಡಿ.